ಮಾರ್ಕ್ಸು ಎಷ್ಟ ಬಿದ್ದಾವ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಬಂಕಾಪುರದ ಪೇಟೆಯಲ್ಲಾಗಲಿ, ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಾಗಲಿ, ಸವಣೂರು, ಹಾನಗಲ್ಲಿನ ಚಹಾದಂಗಡಿಗಳಲ್ಲಾಗಲಿ ಕೇಳಿಬರುವ ಪ್ರಶ್ನೆ ಒಂದೇ: "ಮಾರ್ಕ್ಸು ಎಷ್ಟ ಬಿದ್ದಾವ?" ಬೆಂಗಳೂರು, ಮೈಸೂರಿನ ಕಡೆ ಮಕ್ಕಳು ಅಂಕ ತೆಗೆಯುತ್ತಾರೆ. ಈ ಸೀಮೆಯಲ್ಲಿ ಅಂಕ ಬೀಳುತ್ತವೆ, ಮಳೆ ಬಿದ್ದ ಹಾಗೆ. ಆದರೆ ಮಳೆ ಎಷ್ಟು ಬಿತ್ತು ಎಂದು ಕೇಳುವ ರೈತ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಹದವಾಗಿ ಬಿತ್ತೋ, ಹೊಡೆದು ಹೋಯಿತೋ, ನೆಲ ಎಷ್ಟು ಆಳಕ್ಕೆ ನೆನೆಯಿತು ಎಂದೂ ಕೇಳುತ್ತಾನೆ. ಅಂಕದ ವಿಷಯದಲ್ಲಿ ಮಾತ್ರ ಆ ಎರಡನೆಯ ಪ್ರಶ್ನೆ ಏಳುವುದೇ ಇಲ್ಲ. 625ಕ್ಕೆ 580 ಎಂದ ಕೂಡಲೇ ಪೇಢೆ ಹಂಚುತ್ತಾರೆ. 190 ಎಂದ ಕೂಡಲೇ ಮನೆಯಲ್ಲಿ ಮಾತು ನಿಂತುಹೋಗುತ್ತದೆ.

ಈ ಉಪನ್ಯಾಸದ ವಿಷಯ ಆ ಎರಡನೆಯ ಪ್ರಶ್ನೆ. ಬಿದ್ದ ಅಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಅದನ್ನು ಹುಟ್ಟಿಸಿದ ಪ್ರಶ್ನೆಪತ್ರಿಕೆ ಎಂಥದ್ದು?

ಊರಿನ ಹಿರಿಯರಿಗೆ 'ಮುಲ್ಕಿ ಪಾಸು' ಎಂಬ ಮಾತು ನೆನಪಿದ್ದೀತು. ಈ ಸೀಮೆ ಆಗ ಸೇರಿದ್ದ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲಿದ್ದ ಕಾಲಕ್ಕೆ ಕನ್ನಡ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆ ಅದು. ಮುಲ್ಕಿ ಪಾಸಾದವರು ಕನ್ನಡ ಸಾಲಿ ಮಾಸ್ತರರಾಗಬಹುದಿತ್ತು, ತಲಾಟಿಯಾಗಬಹುದಿತ್ತು. ಅಲ್ಲಿಯವರೆಗೆ ಮುಟ್ಟಿದವರು ಊರಿಗೆ ಕೆಲವರೇ. ಹೆಣ್ಣುಮಕ್ಕಳಂತೂ ತೀರಾ ಕಡಿಮೆ. ಆ ಕಾಲವನ್ನು ಹೊಗಳಲು ಕಾರಣವಿಲ್ಲ. ಆದರೂ ಒಂದು ಮಾತು ಗಮನಿಸಬೇಕು. ಮುಲ್ಕಿ ಪಾಸು ಎಂದರೆ ಈತ ಅರ್ಜಿ ಬರೆಯಬಲ್ಲ, ಕಾಗದ ಓದಿ ಹೇಳಬಲ್ಲ, ಬಡ್ಡಿ ಲೆಕ್ಕ ಮಾಡಬಲ್ಲ, ಪಹಣಿಯ ಅಂಕಿ ತಿಳಿಯಬಲ್ಲ ಎಂದು ಊರಿಗೆ ಗೊತ್ತಿತ್ತು. ಆ ಪದವಿಗೆ ಒಂದು ಅರ್ಥವಿತ್ತು. ಇಂದು 'ಶೇ 92' ಎಂದರೆ ಈ ಹುಡುಗಿಗೆ ಏನು ಬರುತ್ತದೆ ಎಂದು ಮನೆಯವರಿಗಾಗಲಿ, ಎಷ್ಟೋ ಸಲ ಮಾಸ್ತರರಿಗಾಗಲಿ ಹೇಳಲಾಗುವುದಿಲ್ಲ.

ಅಂಕಿಯ ಅರ್ಥ ಹೇಗೆ ಜಾರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕರ್ನಾಟಕದ ಐದು ವರ್ಷಗಳ ಎಸ್‌ಎಸ್‌ಎಲ್‌ಸಿಯನ್ನೇ ನೋಡಬಹುದು. 625ಕ್ಕೆ 625 ಪಡೆದ ಮಕ್ಕಳು 2021ರಲ್ಲಿ 157. 2022ರಲ್ಲಿ 145. 2023ರಲ್ಲಿ 4. 2024ರಲ್ಲಿ ಒಬ್ಬಳೇ ಹುಡುಗಿ. 2025ರಲ್ಲಿ 22. ಒಂದೇ ರಾಜ್ಯ, ಒಂದೇ ಮಂಡಳಿ, ಅದೇ 625. ಎರಡು ವರ್ಷದಲ್ಲಿ ನೂರೈವತ್ತು ಜಾಣರು ಎಲ್ಲಿಗೂ ಹೋಗಿರಲಿಲ್ಲ. ಬದಲಾದದ್ದು ಪರೀಕ್ಷೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಆರು ವಿಷಯಗಳನ್ನು ಎರಡು ದಿನದಲ್ಲಿ ಬಹು ಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಲಾಯಿತು. ಫಲಿತಾಂಶ ಶೇ 99.99. ಮರುವರ್ಷ ಶೇ 85.63, ಅದರ ಮರುವರ್ಷ 83.89.

2024ರದು ಇನ್ನೂ ದೊಡ್ಡ ಪಾಠ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಕೊಠಡಿಯ ಚಿತ್ರವನ್ನು ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ಕುಳಿತಲ್ಲೇ ನೋಡಿದರು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಸುಮಾರು 1.7 ಲಕ್ಷ ಮಕ್ಕಳು ಕೃಪಾಂಕದಿಂದಲೇ ದಾಟಿದರು. ಅದು ಇರದಿದ್ದರೆ ಫಲಿತಾಂಶ ಶೇ 54ರ ಹತ್ತಿರ ನಿಲ್ಲುತ್ತಿತ್ತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ನಿಂತಿತು. ಮೊದಲ ಪರೀಕ್ಷೆಯಲ್ಲಿ ಶಾಲಾ ಮಕ್ಕಳ ಫಲಿತಾಂಶ ಶೇ 66.14.

ಈ ಅಂಕಿಗಳನ್ನು ಹಿಡಿದು 'ಮಕ್ಕಳು ದಡ್ಡರಾದರು' ಎಂದವರೂ ಇದ್ದಾರೆ, 'ಕ್ಯಾಮೆರಾ ಇಟ್ಟು ಮಕ್ಕಳನ್ನು ಹೆದರಿಸಿದರು' ಎಂದವರೂ ಇದ್ದಾರೆ. ಎರಡೂ ಅವಸರದ ಮಾತು. 83.89 ಮತ್ತು 73.40 ಬೇರೆ ಬೇರೆ ಅಳತೆಗೋಲಿನಿಂದ ಬಂದ ಅಂಕಿಗಳು. ಒಂದು ಮೊಳದಲ್ಲಿ ಅಳೆದದ್ದು, ಇನ್ನೊಂದು ಗಜದಲ್ಲಿ ಅಳೆದದ್ದು. ಅವುಗಳನ್ನು ಕಳೆದು 'ಹತ್ತು ಕುಸಿಯಿತು' ಎನ್ನುವುದು ಲೆಕ್ಕವೇ ಅಲ್ಲ. ಹೇಳಬಹುದಾದದ್ದು ಇಷ್ಟು: ಹಿಂದಿನ ವರ್ಷಗಳ ಅಂಕದಲ್ಲಿ ಮಗುವಿನ ಕಲಿಕೆಯ ಜೊತೆಗೆ ಬೇರೆಯದೂ ಬೆರೆತಿತ್ತು. ಎಷ್ಟು ಬೆರೆತಿತ್ತು ಎಂದು ಆ ಅಂಕಿಯೊಳಗಿನಿಂದ ತಿಳಿಯಲು ಬರುವುದಿಲ್ಲ.

ಹೊಂದದ ಅಳತೆಗಳನ್ನು ಕೂಡಿಸಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ 2022ರಲ್ಲಿ ಕೋರ್ಟಿನಲ್ಲಿ ಕಂಡಿತು. ಹಿಂದಿನ ವರ್ಷ ದ್ವಿತೀಯ ಪಿಯು ಪರೀಕ್ಷೆ ನಡೆದಿರಲಿಲ್ಲ. ಎಸ್‌ಎಸ್‌ಎಲ್‌ಸಿಯಿಂದ ಶೇ 45, ಪ್ರಥಮ ಪಿಯುದಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ಕೂಡಿಸಿ ಅಂಕ ಕೊಟ್ಟಿದ್ದರು. ಆ ಮಕ್ಕಳಲ್ಲಿ ಸುಮಾರು 24 ಸಾವಿರ ಮಂದಿ ಮರುವರ್ಷ ಮತ್ತೆ ಸಿಇಟಿ ಬರೆದರು. ಅವರ ಪಿಯು ಅಂಕ ಲೆಕ್ಕಕ್ಕೆ ಇಲ್ಲ, ಸಿಇಟಿ ಅಂಕ ಮಾತ್ರ ಎಂದು ಸರ್ಕಾರ ಹೇಳಿತು. ಮಕ್ಕಳು ಹೈಕೋರ್ಟಿಗೆ ಹೋದರು, ಗೆದ್ದರು. ಹಾಗೆಂದು ಆ ಧಾರಾಳ ಅಂಕವನ್ನು ಪೂರ್ತಿ ಸೇರಿಸಿದರೆ 2022ರಲ್ಲಿ ನಿಜವಾಗಿ ಪರೀಕ್ಷೆ ಬರೆದವರಿಗೆ ಅನ್ಯಾಯ. ಕೊನೆಗೆ ಆ ಸೆಪ್ಟೆಂಬರಿನಲ್ಲಿ ಹಳಬರ ಪಿಯು ಅಂಕದಿಂದ ಸರಾಸರಿ ಆರು ಅಂಕ ಕಳೆದು ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಯಿತು. ನೂರಕ್ಕೆ ಆರು! ಎಂಜಿನಿಯರಿಂಗ್ ಸೀಟು ಅರ್ಧ ಅಂಕದಲ್ಲಿ ತಪ್ಪುವ ನಾಡಿನಲ್ಲಿ ಆರು ಅಂಕದ ಬೆಲೆ ಏನೆಂದು ತಂದೆ ತಾಯಿಗೆ ಗೊತ್ತು.

ಇನ್ನು ಪ್ರಶ್ನೆಪತ್ರಿಕೆಯ ಗುಣದ ಮಾತು. ಇದಕ್ಕೆ ಹಾವೇರಿ ಜಿಲ್ಲೆಯವರಿಗೆ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬ್ಯಾಡಗಿ ಕಾಯಿಯ ಹೆಸರು ಇರುವುದು ಅದರ ಕೆಂಪಿಗೆ, ಖಾರ ಕಡಿಮೆ. ಅದರ ಬಣ್ಣವನ್ನು ತೆಗೆದು ಮಾರುವ ಕಾರ್ಖಾನೆಗಳಿವೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಖಾರವನ್ನು ಮಾತ್ರ ಅಳೆಯುವ ಒಂದು ಪರೀಕ್ಷೆ ಇಟ್ಟರೆ ಗುಂಟೂರಿನ ಕಾಯಿ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತದೆ, ಬ್ಯಾಡಗಿ ಕಾಯಿ ನಪಾಸು. ಅಳತೆ ತಪ್ಪಲ್ಲ, ಖಾರ ನಿಜಕ್ಕೂ ಕಡಿಮೆ. ಆದರೆ ಆ ಅಳತೆಯಿಂದ 'ಇದು ಕೆಳದರ್ಜೆಯ ಕಾಯಿ' ಎಂಬ ತೀರ್ಮಾನಕ್ಕೆ ಬಂದರೆ ಆ ತೀರ್ಮಾನ ತಪ್ಪು. ಶಿಕ್ಷಣಶಾಸ್ತ್ರದವರು ಸಿಂಧುತ್ವ ಎನ್ನುವುದು ಇದನ್ನೇ. ಸಿಂಧುತ್ವ ಪ್ರಶ್ನೆಪತ್ರಿಕೆಯ ಮೇಲೆ ಹೊಡೆದ ಮುದ್ರೆಯಲ್ಲ. ಅಂಕದಿಂದ ತೆಗೆಯುವ ತೀರ್ಮಾನಕ್ಕೆ ಆಧಾರ ಎಷ್ಟು ಗಟ್ಟಿ ಎಂಬುದು ಅದು.

ಗಣಿತದ ಪತ್ರಿಕೆಯೊಂದು ಹೀಗೆ ಕೇಳುತ್ತದೆ ಎಂದುಕೊಳ್ಳಿ: "ಓರ್ವ ವರ್ತಕನು ₹20,000ಕ್ಕೆ ಕ್ರಯ ಮಾಡಿದ ಸರಕನ್ನು ಶೇ 8ರ ಲಾಭಕ್ಕೆ ವಿಕ್ರಯಿಸಿದಲ್ಲಿ ವಿಕ್ರಯ ಬೆಲೆಯನ್ನು ಕಂಡುಹಿಡಿಯಿರಿ." ಈ ಸೀಮೆಯ ತಾಂಡಾಗಳಲ್ಲಿ ಮಕ್ಕಳ ಮನೆಮಾತು ಲಂಬಾಣಿ. ಬಂಕಾಪುರ, ಸವಣೂರಿನ ಎಷ್ಟೋ ಮನೆಗಳಲ್ಲಿ ಉರ್ದು. ಕನ್ನಡದ ಮನೆಗಳಲ್ಲೂ ಕಾಯಿ 'ಮಾರುತ್ತಾರೆ', ಯಾರೂ 'ವಿಕ್ರಯಿಸುವುದಿಲ್ಲ'. ಸಂತೆಯಲ್ಲಿ ಅಪ್ಪನ ಪಕ್ಕ ಕುಳಿತು ನೂರಕ್ಕೆ ಎಂಟರ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗ ಈ ವಾಕ್ಯದ ಮುಂದೆ ಸುಮ್ಮನೆ ಕೂರುತ್ತಾನೆ. ಸೊನ್ನೆ ಬೀಳುತ್ತದೆ. ಆ ಸೊನ್ನೆ ಅವನಿಗೆ ಲಾಭದ ಲೆಕ್ಕ ಬರುವುದಿಲ್ಲ ಎನ್ನುತ್ತಿಲ್ಲ. 'ವಿಕ್ರಯ' ಎಂಬ ಪದ ಗೊತ್ತಿಲ್ಲ ಎನ್ನುತ್ತಿದೆ. ಅಂಕಪಟ್ಟಿಯಲ್ಲಿ ಮಾತ್ರ ಅದು 'ಗಣಿತ' ಎಂಬ ಕಾಲಮ್ಮಿನಲ್ಲೇ ಕೂರುತ್ತದೆ.

ಈಗ ಮೂರು ಉತ್ತರಪತ್ರಿಕೆಗಳನ್ನು ಹತ್ತಿರದಿಂದ ನೋಡೋಣ. ಮೂರನೆಯ ತರಗತಿ, ವ್ಯವಕಲನ, ಹತ್ತು ಲೆಕ್ಕ, ಹತ್ತು ಅಂಕ. ಐದು ದಶಕ ರಹಿತ: 47ರಲ್ಲಿ 23, 68ರಲ್ಲಿ 35, ಈ ಬಗೆಯವು. ಇನ್ನೈದು ದಶಕ ಸಹಿತ: 52ರಲ್ಲಿ 38, 63ರಲ್ಲಿ 27, 41ರಲ್ಲಿ 19, 84ರಲ್ಲಿ 56, 70ರಲ್ಲಿ 34. ಎರಡೂ ಬಗೆ ಮಿಶ್ರವಾಗಿವೆ. ಮೂರು ಮಕ್ಕಳಿಗೂ ಹತ್ತಕ್ಕೆ ಐದು ಬಿದ್ದಿದೆ.

ಮೊದಲನೆಯ ಮಗು ದಶಕ ರಹಿತ ಐದನ್ನೂ ಸರಿಯಾಗಿ ಮಾಡಿದೆ. ಉಳಿದವುಗಳಿಗೆ ಬರೆದ ಉತ್ತರ 26, 44, 38, 32, 44. ಇವು ಮನಸ್ಸಿಗೆ ಬಂದಂತೆ ಬರೆದವಲ್ಲ. 52ರಲ್ಲಿ 38 ಕಳೆಯುವಾಗ ಎರಡರಲ್ಲಿ ಎಂಟು ಹೋಗುವುದಿಲ್ಲ. ಆದ್ದರಿಂದ ಮಗು ಎಂಟರಲ್ಲಿ ಎರಡು ಕಳೆದು ಆರು ಬರೆದಿದೆ, ಐದರಲ್ಲಿ ಮೂರು ಕಳೆದು ಎರಡು. ಎಲ್ಲ ಐದು ಲೆಕ್ಕಗಳಲ್ಲೂ ಅದೇ ನಿಯಮ: ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆ. ತಪ್ಪು ನಿಯಮ, ಆದರೆ ನಿಷ್ಠೆಯಿಂದ ಪಾಲಿಸಿದ ನಿಯಮ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಮಕ್ಕಳ ವ್ಯವಕಲನದ ತಪ್ಪುಗಳನ್ನು ಬಿಡಿಸಿ ನೋಡಿದಾಗ ಕಂಡ ಸಾಮಾನ್ಯ ತಪ್ಪುಗಳಲ್ಲಿ ಇದೂ ಒಂದು.

ಅದೇ ದಶಕ ಸಹಿತ ಲೆಕ್ಕಗಳಿಗೆ ಎರಡನೆಯ ಮಗುವಿನ ಉತ್ತರ 24, 46, 32, 38, 46. ಇದು ಬಾಜು ಮನೆಯಿಂದ ಹತ್ತು ಕಡ ತಂದಿದೆ, ಹನ್ನೆರಡರಲ್ಲಿ ಎಂಟು ಕಳೆದು ನಾಲ್ಕು ಸರಿಯಾಗಿ ಬರೆದಿದೆ. ಕಡ ಕೊಟ್ಟ ಮನೆಯಲ್ಲಿ ಒಂದು ಕಡಿಮೆಯಾಯಿತು ಎಂಬುದನ್ನು ಮರೆತಿದೆ. ಮೂರನೆಯ ಮಗು ಮೊದಲ ಐದು ಲೆಕ್ಕಗಳನ್ನು, ಅವುಗಳಲ್ಲಿದ್ದ ಎರಡು ದಶಕ ಸಹಿತ ಲೆಕ್ಕಗಳನ್ನೂ ಸೇರಿಸಿ, ಸರಿಯಾಗಿ ಮಾಡಿದೆ; ಕೊನೆಯ ಐದು ಖಾಲಿ. ಅದಕ್ಕೆ ವ್ಯವಕಲನ ಬರುತ್ತದೆ. ಹೊತ್ತು ಸಾಲಲಿಲ್ಲವೋ, ತಡವಾಗಿ ಬಂತೋ, ಹಸಿದಿತ್ತೋ, ಕೇಳಬೇಕು.

ಮೂರು ಐದುಗಳು, ಮೂರು ಬೇರೆ ಬೇರೆ ಸುದ್ದಿಗಳು. ಮೊದಲನೆಯದಕ್ಕೆ ಕಡ್ಡಿ ಕಟ್ಟು ಕೈಗೆ ಕೊಟ್ಟು, ಐದು ಕಟ್ಟು ಎರಡು ಬಿಡಿಕಡ್ಡಿಯಲ್ಲಿ ಮೂವತ್ತೆಂಟನ್ನು ತೆಗೆಸಬೇಕು. ಕಟ್ಟು ಬಿಚ್ಚದೆ ಆಗುವುದಿಲ್ಲ ಎಂದು ಅದರ ಕೈಗೇ ತಿಳಿಯುತ್ತದೆ. ಎರಡನೆಯದಕ್ಕೆ ಹತ್ತು ನಿಮಿಷದ ಮಾತು ಸಾಕು. ಮೂರನೆಯದಕ್ಕೆ ಮತ್ತೆ ಪಾಠ ಮಾಡಿದರೆ ಹೊತ್ತು ಹಾಳು. ಮಕ್ಕಳ ಅಂಕ ಏರಿಸುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಾತ್ರ ಮೂವರ ಮುಂದೆಯೂ ಐದು ಏರಿರುತ್ತದೆ, ಮೂವರಿಗೂ ಒಂದೇ ಪರಿಹಾರ ಬೋಧನೆ ನಡೆಯುತ್ತದೆ. ಪತ್ರಿಕೆಯಲ್ಲಿ ದಶಕ ರಹಿತ ಲೆಕ್ಕಗಳನ್ನೇ ಹತ್ತು ಇಟ್ಟಿದ್ದರಂತೂ ಮೊದಲ ಮಗುವಿಗೆ ಹತ್ತಕ್ಕೆ ಹತ್ತು ಬಿದ್ದು, ಅದು ಏಳನೆಯ ತರಗತಿಯವರೆಗೂ ಅದೇ ತಪ್ಪು ನಿಯಮವನ್ನು ಹೊತ್ತುಕೊಂಡೇ ಹೋಗುತ್ತಿತ್ತು.

ಒಳ್ಳೆಯ ಪ್ರಶ್ನೆ ಕೆಟ್ಟ ಪ್ರಶ್ನೆಗಳ ವ್ಯತ್ಯಾಸ ಇಷ್ಟು ಸೂಕ್ಷ್ಮ. 0.7 ಮತ್ತು 0.5ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ದಶಮಾಂಶ ತಿಳಿಯದ ಮಗುವೂ 0.7 ಎನ್ನುತ್ತದೆ; ಏಳು ಐದಕ್ಕಿಂತ ದೊಡ್ಡದೆಂದು ಅದಕ್ಕೆ ಗೊತ್ತು. 0.7 ಮತ್ತು 0.45 ಎಂದು ಕೇಳಿ ನೋಡಿ. ಬಿಂದುವಿನ ಬಲಗಡೆಯದನ್ನು ನಲವತ್ತೈದು ಎಂದೇ ಓದುವ ಮಗು ತಟ್ಟನೆ ಸಿಕ್ಕಿಬೀಳುತ್ತದೆ. ಅಂಕ ಒಂದೇ, ಕಾಗದದಲ್ಲಿ ಹಿಡಿಯುವ ಜಾಗವೂ ಒಂದೇ. ಮೊದಲ ಪ್ರಶ್ನೆ ಮಗುವಿನ ಬಗ್ಗೆ ಏನನ್ನೂ ಹೇಳಲಿಲ್ಲ, ಎರಡನೆಯದು ನಾಳೆ ಏನು ಕಲಿಸಬೇಕೆಂದು ಹೇಳಿತು.

ಪತ್ರಿಕೆ ಚೆನ್ನಾಗಿದ್ದರೂ ತಿದ್ದುವ ಕೈ ಒಂದೇ ಆಗಿರುವುದಿಲ್ಲ. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ, 1929ರಲ್ಲಿ ಭಾರತದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ಫಿಲಿಪ್ ಹಾರ್ಟಾಗ್, ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ಇ. ಸಿ. ರೋಡ್ಸ್ ಜೊತೆ ಒಂದು ಪ್ರಯೋಗ ಮಾಡಿದರು. 1935ರಲ್ಲಿ ಅದು ಪ್ರಕಟವಾಯಿತು. ಇತಿಹಾಸದ 15 ಉತ್ತರಪತ್ರಿಕೆಗಳು. ಹದಿನೈದಕ್ಕೂ ಮಂಡಳಿ ಮೊದಲೇ ಒಂದೇ ಮಧ್ಯಮ ಅಂಕ ಕೊಟ್ಟಿತ್ತು. ಅವನ್ನು ಹಳೆಯ ಅಂಕ ಅಳಿಸಿ 15 ಅನುಭವಿ ಪರೀಕ್ಷಕರಿಗೆ ಕೊಟ್ಟರು. ಬಂದ ಅಂಕಗಳು 21ರಿಂದ 70ರವರೆಗೆ ಹರಡಿಕೊಂಡವು. ವರ್ಷ ಕಳೆದ ಮೇಲೆ ಅವರಲ್ಲಿ 14 ಮಂದಿಗೆ ಅದೇ ಪತ್ರಿಕೆಗಳನ್ನು ಮತ್ತೆ ತಿದ್ದಲು ಕೊಟ್ಟರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು. ಇನ್ನೊಬ್ಬರ ಜೊತೆಗಿನ ಭಿನ್ನಾಭಿಪ್ರಾಯ ಅಲ್ಲ ಇದು. ತಮ್ಮದೇ ಹಿಂದಿನ ತೀರ್ಪಿನೊಂದಿಗೆ ಅವರಿಗೆ ಹೊಂದಲಿಲ್ಲ.

ಆ ನಂತರ ಉತ್ತರದ ಕೀಲಿ, ಹಂತವಾರು ಅಂಕ, ಮರುಎಣಿಕೆ, ಮರುಮೌಲ್ಯಮಾಪನ ಎಲ್ಲ ಬಂದಿವೆ. ಸ್ಥಿತಿ ಸುಧಾರಿಸಿದೆ, ದೋಷ ಪೂರ್ತಿ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಲೆಕ್ಕವೊಂದನ್ನು ಮಾಡಿ ನೋಡಬಹುದು. ಒಂದು ಪರೀಕ್ಷೆಯಲ್ಲಿ ಅಂಕಗಳ ಮಾನಕ ವಿಚಲನೆ 15, ವಿಶ್ವಾಸಾರ್ಹತೆ, ಅಂದರೆ ಮತ್ತೆ ಅಳೆದರೂ ಅಂಕ ಹೊಂದುವ ಗುಣ, 0.91 ಇದೆ ಎಂದಿಟ್ಟುಕೊಳ್ಳಿ. 0.91 ಒಳ್ಳೆಯ ಪರೀಕ್ಷೆಯ ಲಕ್ಷಣ. ಒಂದರಲ್ಲಿ 0.91 ಕಳೆದರೆ 0.09, ಅದರ ವರ್ಗಮೂಲ 0.3, ಹದಿನೈದರಿಂದ ಗುಣಿಸಿದರೆ 4.5; ಬಿದ್ದ ಅಂಕ ಅತ್ತಿತ್ತ ಸರಿಯಬಹುದಾದ ಸಾಮಾನ್ಯ ಅಳತೆ ಅದು. ಅಂದರೆ 34 ಅಂಕ ಬಿದ್ದ ಹುಡುಗನ ನಿಜವಾದ ಯೋಗ್ಯತೆ ಸುಮಾರಾಗಿ 29ರಿಂದ 39ರ ನಡುವೆ ಎಲ್ಲಾದರೂ ಇರಬಹುದು. ಮೂರರಲ್ಲಿ ಒಂದು ಸಲ ಅದರಾಚೆಗೂ. ಪಾಸಿನ ಗೆರೆಯನ್ನು ಎಲ್ಲೋ ಒಂದು ಕಡೆ, 34 ಮತ್ತು 35ರ ನಡುವೆಯೇ ಆಗಲಿ, ಎಳೆಯದೆ ಆಡಳಿತ ನಡೆಯದು ಎಂಬುದು ನಿಜ. ಆ ಗೆರೆಯ ಈಚೆ ಬಿದ್ದ ಮಗುವನ್ನು ಮನೆಯಲ್ಲೂ ಊರಲ್ಲೂ 'ದಡ್ಡ' ಎನ್ನಲು ಮಾತ್ರ ಈ ಲೆಕ್ಕ ಯಾರಿಗೂ ಅಧಿಕಾರ ಕೊಡುವುದಿಲ್ಲ.

ಪರೀಕ್ಷೆ ಸುಧಾರಿಸಬೇಕೆಂಬ ಮಾತು ದೇಶದಲ್ಲಿ ಹೊಸದಲ್ಲ. 1948–49ರ ರಾಧಾಕೃಷ್ಣನ್ ಆಯೋಗ ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಾದರೆ ಅದು ಪರೀಕ್ಷೆಯದ್ದಾಗಲಿ ಎಂಬ ಅಭಿಪ್ರಾಯ ಕೊಟ್ಟಿತ್ತು. ಬೆಂಜಮಿನ್ ಬ್ಲೂಮ್ 1957–58ರಲ್ಲಿ ಭಾರತಕ್ಕೆ ಬಂದು ಶಿಕ್ಷಕರಿಗೆ ಕಮ್ಮಟ ನಡೆಸಿದರು. ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ ಎಂದು ಇಂದಿಗೂ ನಮ್ಮ ಶಿಕ್ಷಕರು ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ತುಂಬುವ ಕಾಲಮ್ಮುಗಳು ಆ ಪರಂಪರೆಯವೇ. ನೀಲನಕ್ಷೆ ಒಳ್ಳೆಯ ಸಾಧನ. ಆದರೆ 'ಅನ್ವಯ' ಎಂದು ಬರೆದ ಪ್ರಶ್ನೆಯ ಉತ್ತರ ಗೈಡಿನಲ್ಲಿ ಇದ್ದಹಾಗೇ ಇದ್ದರೆ, ಆ ಪ್ರಶ್ನೆ ನಕ್ಷೆಯಲ್ಲಿ ಅನ್ವಯ, ಮಗುವಿನ ತಲೆಯಲ್ಲಿ ಬಾಯಿಪಾಠ. ಫೆಬ್ರುವರಿಯಲ್ಲಿ ಕೈಗೆ ಬರುವ 'ಪಾಸಿಂಗ್ ಪ್ಯಾಕೇಜ್' ಇದನ್ನೇ ಮಾಡುತ್ತದೆ. ಹಿಂದುಳಿದ ಮಗುವನ್ನು ಹೇಗಾದರೂ ದಾಟಿಸಬೇಕೆಂಬ ಶಿಕ್ಷಕರ ಕಳಕಳಿ ಅದರ ಹಿಂದಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ಬರುವ ಪ್ರಶ್ನೆಯನ್ನಷ್ಟೇ ಕಲಿತವನ ಅಂಕ, ಬಾರದ ಪ್ರಶ್ನೆಗಳ ಬಗ್ಗೆ ಏನೂ ಹೇಳಲಾರದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುತ್ತಾರೆ. ಆ ಅಗುಳನ್ನೇ ಬೇರೆ ಪಾತ್ರೆಯಲ್ಲಿ ಬೇಯಿಸಿ ತಂದಿಟ್ಟರೆ ಗಡಿಗೆಯ ಅನ್ನದ ಸುದ್ದಿ ತಿಳಿಯುವುದಿಲ್ಲ.

ತರಗತಿಯ ಮೌಲ್ಯಮಾಪನ ಮುಖ್ಯವಾಗುವುದು ಇಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಾನೂನಿನ ಮಾತಾಗಿಸಿತು. ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ. ಮಾಸ್ತರರ ಬಾಯಲ್ಲಿ ಎಫ್‌ಎ, ಎಸ್‌ಎ. ಈ ಎರಡು ಹೆಸರುಗಳನ್ನು ಬಳಕೆಗೆ ತಂದ ಮೈಕೆಲ್ ಸ್ಕ್ರಿವೆನ್ 1967ರಲ್ಲಿ ತೋರಿಸಿದ ಭೇದ ಸರಳ: ಒಂದು ಕೆಲಸ ನಡೆಯುತ್ತಿರುವಾಗ ತಿದ್ದಿಕೊಳ್ಳಲು, ಇನ್ನೊಂದು ಕೆಲಸ ಮುಗಿದ ಮೇಲೆ ಬೆಲೆ ಕಟ್ಟಲು. ಎಫ್‌ಎಯ ಉದ್ದೇಶ ಅಂಕ ತುಂಬುವುದಲ್ಲ. ಆದರೆ ತುಂಬಬೇಕಾದ ನಮೂನೆಗಳು, ಏರಿಸಬೇಕಾದ ದತ್ತಾಂಶ, ಗಡುವು ಇವುಗಳ ನಡುವೆ ಅದು ಆರು ಪರೀಕ್ಷೆಗಳಲ್ಲಿ ಇನ್ನೊಂದು ಪರೀಕ್ಷೆಯಾಗಿಬಿಟ್ಟಿದೆ. 2025–26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಬಂದಾಗ ಶಿಕ್ಷಕರು ಹೊರೆ ಎಂದು ದೂರಿದ್ದು ಈ ಕಾರಣಕ್ಕೆ, ಮತ್ತು ಆ ದೂರು ನ್ಯಾಯವಾದದ್ದು. ಬಹುವರ್ಗ ಬೋಧನೆಯ ಶಾಲೆಯಲ್ಲಿ ಇಬ್ಬರೇ ಶಿಕ್ಷಕರಿದ್ದರೆ ಪ್ರತಿ ಪಾಠಕ್ಕೂ ದಾಖಲೆ ಬರೆಯುವುದರಲ್ಲೇ ಪಾಠದ ಹೊತ್ತು ಕಳೆಯುತ್ತದೆ.

ಹತ್ತನೆಯ ತರಗತಿಯಲ್ಲಿ ಈ ಆಂತರಿಕ ಅಂಕದ ತೂಕ ಇನ್ನೂ ಹೆಚ್ಚಾಗಿದೆ. ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಿಗೆ ಲಿಖಿತ 80, ಆಂತರಿಕ 20. 2025–26ರಿಂದ ಎರಡನ್ನೂ ಕೂಡಿಸಿ ವಿಷಯಕ್ಕೆ ಕನಿಷ್ಠ ಶೇ 30, ಒಟ್ಟು ಸರಾಸರಿ ಶೇ 33 ಬಂದರೆ ಉತ್ತೀರ್ಣ ಎಂದು ಸರ್ಕಾರ ಪ್ರಕಟಿಸಿದೆ. ಆಂತರಿಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರೆ ಲಿಖಿತ ಎಂಬತ್ತರಲ್ಲಿ ಹತ್ತು ಬಂದರೂ ವಿಷಯದ ಗೆರೆ ದಾಟಿತು. ಹಾಗಾದರೆ ಆ ಇಪ್ಪತ್ತು ನಿಜವಾದ ಇಪ್ಪತ್ತಾಗಿರಬೇಕು. ಎಲ್ಲರಿಗೂ ಹತ್ತೊಂಬತ್ತು ಕೊಡುವ ಶಾಲೆ ಯಾವ ಮಗುವಿಗೂ ಏನನ್ನೂ ಕೊಟ್ಟಂತಾಗಲಿಲ್ಲ.

ಅಂಕದ ಬದಲು ಮಾತು ಕೊಟ್ಟರೆ ಏನಾಗುತ್ತದೆ ಎಂದು ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಐದು, ಆರನೆಯ ತರಗತಿಯ ಮಕ್ಕಳಲ್ಲಿ ನೋಡಿದರು. ಒಂದು ಗುಂಪಿಗೆ ಅಂಕ ಮಾತ್ರ, ಒಂದಕ್ಕೆ ಷರಾ ಮಾತ್ರ, ಒಂದಕ್ಕೆ ಎರಡೂ. ಮುಂದಿನ ಕೆಲಸದಲ್ಲಿ ಷರಾ ಮಾತ್ರ ಪಡೆದವರು ಮೇಲೇರಿದರು. ಅಂಕ ಮಾತ್ರ ಪಡೆದವರು ಏರಲಿಲ್ಲ. ಎರಡೂ ಪಡೆದವರು? ಅವರೂ ಏರಲಿಲ್ಲ. ಅಂಕ ಕಂಡ ಕೂಡಲೇ ಮಗುವಿನ ಕಣ್ಣು ಪಕ್ಕದವನ ಅಂಕದ ಕಡೆ ಹೋಗುತ್ತದೆ, ಷರಾ ಓದದೆ ಉಳಿಯುತ್ತದೆ. ಮಾಸ್ತರರು ಕೆಂಪು ಶಾಯಿಯಲ್ಲಿ 'ಕಡ ಕೊಟ್ಟ ಮನೆಯಲ್ಲಿ ಎಷ್ಟು ಉಳಿಯಿತು?' ಎಂದು ಬರೆದು, ಅಂಕವನ್ನು ಎರಡು ದಿನ ತಡೆದು ಹೇಳಿದರೂ ಸಾಕು. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಿಲ್ಲ.

ಪ್ರಶ್ನೆ ಒಳ್ಳೆಯದಿತ್ತೇ ಎಂದು ತಿಳಿಯಲು ಕಂಪ್ಯೂಟರೂ ಬೇಕಿಲ್ಲ. ತಿದ್ದಿದ ಮೂವತ್ತು ಪತ್ರಿಕೆಗಳನ್ನು ಒಟ್ಟು ಅಂಕದ ಕ್ರಮದಲ್ಲಿ ಜೋಡಿಸಿ, ಮೇಲಿನ ಹತ್ತು, ಕೆಳಗಿನ ಹತ್ತು ಬೇರೆ ಮಾಡಿ. ನಾಲ್ಕನೆಯ ಪ್ರಶ್ನೆಯನ್ನು ಮೇಲಿನವರಲ್ಲಿ 8 ಮಂದಿ, ಕೆಳಗಿನವರಲ್ಲಿ 3 ಮಂದಿ ಸರಿ ಮಾಡಿದ್ದರೆ ಆ ಪ್ರಶ್ನೆ ತನ್ನ ಕೆಲಸ ಮಾಡಿದೆ. ಏಳನೆಯದನ್ನು ಮೇಲಿನವರಲ್ಲಿ 4, ಕೆಳಗಿನವರಲ್ಲಿ 6 ಮಂದಿ ಸರಿ ಮಾಡಿದ್ದರೆ ಮಕ್ಕಳನ್ನು ಬೈಯಬಾರದು, ಪ್ರಶ್ನೆಯನ್ನು ಮತ್ತೆ ಓದಬೇಕು. ಕೀಲಿ ಉತ್ತರ ತಪ್ಪಿರಬಹುದು, ವಾಕ್ಯ ಎರಡರ್ಥ ಕೊಡುತ್ತಿರಬಹುದು, ಜಾಣ ಮಗು ನಿಜವಾದ ತೊಡಕನ್ನು ಕಂಡು ಗೊಂದಲಗೊಂಡಿರಬಹುದು. ಎಲ್ಲರೂ ಸರಿ ಮಾಡಿದ, ಎಲ್ಲರೂ ತಪ್ಪಿದ ಪ್ರಶ್ನೆಗಳನ್ನೂ ಹೀಗೆಯೇ ಹಿಡಿಯಬಹುದು. ಇಪ್ಪತ್ತು ನಿಮಿಷದ ಕೆಲಸ. ಶಿಗ್ಗಾಂವಿ ತಾಲ್ಲೂಕಿನ ಕ್ಲಸ್ಟರ್ ಸಭೆಗಳಲ್ಲಿ ತಿಂಗಳಿಗೊಮ್ಮೆ ಇಂಥ ಐದು ಪ್ರಶ್ನೆಗಳನ್ನು ಚರ್ಚೆಗೆ ಇಟ್ಟರೆ, ವರ್ಷ ತುಂಬುವ ಹೊತ್ತಿಗೆ ತಾಲ್ಲೂಕಿನ ಸ್ವಂತ ಪ್ರಶ್ನೆಕೋಶ ಕೈಯಲ್ಲಿರುತ್ತದೆ, ಇಲ್ಲಿನ ಮಕ್ಕಳ ಮಾತಿನಲ್ಲಿ.

ಕರ್ನಾಟಕಕ್ಕೆ ಇದರ ಅನುಭವವೂ ಇದೆ. ಈ ಶತಮಾನದ ಆರಂಭದಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮದಲ್ಲಿ ಶಾಲೆಗಳು ತಾವಾಗಿ ಮುಂದೆ ಬಂದು ಮೌಲ್ಯಮಾಪನಕ್ಕೆ ಒಡ್ಡಿಕೊಂಡವು. ಬಾಯಿಪಾಠವನ್ನು ಬಿಟ್ಟು ಸಾಮರ್ಥ್ಯವನ್ನು ಕೇಳುವ ಪ್ರಶ್ನೆಗಳು ಬಂದವು. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯ ಸಾಧನವಂತೂ ಒಂದೇ ಹಾಳೆ: ಅಕ್ಷರ, ಪದ, ಒಂದನೆಯ ತರಗತಿಯ ಪರಿಚ್ಛೇದ, ಎರಡನೆಯ ತರಗತಿಯ ಕಥೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ. ಅದರ ಫಲಿತಾಂಶ 72 ಎಂದು ಬರುವುದಿಲ್ಲ, 'ಕಥೆ ಓದುತ್ತಾಳೆ' ಎಂದು ಬರುತ್ತದೆ. ಓದು ಬರದ ತಾಯಿಗೂ ಅದು ತಿಳಿಯುತ್ತದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ನೋಡುವ ಈ ಸಮೀಕ್ಷೆ ಇಡೀ ರಾಜ್ಯದ ಹಳ್ಳಿಗಳ ಸುದ್ದಿ ಹೇಳಬಲ್ಲದು. ಬಂಕಾಪುರದ ಒಂದು ಶಾಲೆಯ ಸುದ್ದಿಯನ್ನು ಅದರಿಂದ ಹಿಂಡಿ ತೆಗೆಯಲಾಗದು. ಅದಕ್ಕೆ ಆ ಶಾಲೆಯ ಶಿಕ್ಷಕರೇ ಬೇಕು.

ಇದರ ಬದಲು ರಾಜ್ಯ ಹಿಡಿದ ದಾರಿ 5, 8, 9ನೆಯ ತರಗತಿಗಳಿಗೂ ಮಂಡಳಿಯ ಪರೀಕ್ಷೆ. ಆ ವಿವಾದ ಹೈಕೋರ್ಟಿನ ಏಕಸದಸ್ಯ ಪೀಠ, ವಿಭಾಗೀಯ ಪೀಠ ದಾಟಿ, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಡುವವರೆಗೆ ಹೋಯಿತು. ಪರೀಕ್ಷೆ ಬರೆದ ಹತ್ತು ವರ್ಷದ ಮಕ್ಕಳ ಫಲಿತಾಂಶ ತೂಗುಯ್ಯಾಲೆಯಲ್ಲಿ ಉಳಿಯಿತು. ಹೊರಗಿನಿಂದ ಬಂದ ಪತ್ರಿಕೆ ಮಾರ್ಚಿನಲ್ಲಿ ತಪ್ಪು ತೋರಿಸಿದರೆ ತಿದ್ದಲು ವರ್ಷವೇ ಉಳಿದಿರುವುದಿಲ್ಲ. ಜುಲೈಯಲ್ಲಿ ಮಾಸ್ತರರು ಚೆನ್ನಾಗಿ ಮಾಡಿದ ಹತ್ತು ಪ್ರಶ್ನೆಯ ಎಫ್‌ಎ-1, ಮಾರ್ಚಿನ ನೂರು ಅಂಕದ ಪರೀಕ್ಷೆಗಿಂತ ಮಗುವಿಗೆ ಹೆಚ್ಚು ಉಪಕಾರಿ.

ಬಂಕಾಪುರ ವಿದ್ಯೆಯ ಬೆಲೆ ಬಲ್ಲ ಊರು. ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ನಡೆದದ್ದು ಇಲ್ಲಿಯೇ. ರನ್ನನ ಗುರು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗ ದೊರೆ ಮಾರಸಿಂಹ ಸಲ್ಲೇಖನ ಕೈಗೊಂಡದ್ದೂ ಇಲ್ಲಿಯೇ. ಇಂಥ ಊರಿನ ತಂದೆ ತಾಯಿಗಳಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ವಿನಂತಿ. 'ಸಮುದಾಯದತ್ತ ಶಾಲೆ'ಯ ದಿನ ಶಾಲೆಗೆ ಹೋದಾಗ ಪ್ರಗತಿಪತ್ರಕ್ಕೆ ಸಹಿ ಹಾಕಿ ಬಂದುಬಿಡಬೇಡಿ. ಉತ್ತರಪತ್ರಿಕೆ ತೋರಿಸಿ ಎಂದು ಕೇಳಿ. ಓದು ಬರದಿದ್ದರೆ ಮಗುವಿನಿಂದಲೇ ಓದಿಸಿ. ತಪ್ಪಾದ ಲೆಕ್ಕವನ್ನು 'ಹೆಂಗ ಮಾಡಿದಿ, ಹೇಳವ್ವಾ' ಎಂದು ಕೇಳಿ. ಉತ್ತರಪತ್ರಿಕೆ ನೋಡುವುದು ಪರೀಕ್ಷೆ ಬರೆದವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು ಸಿಬಿಎಸ್‌ಇ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಎಸ್‌ಎಸ್‌ಎಲ್‌ಸಿಯ ಉತ್ತರಪತ್ರಿಕೆಯ ಪ್ರತಿ ಬೇಕೆಂದರೆ ಮಂಡಳಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಎಫ್‌ಎ ಪತ್ರಿಕೆ ನಿಮ್ಮೂರ ಶಾಲೆಯಲ್ಲೇ ಇದೆ. ಮಾಸ್ತರರನ್ನು ಕೇಳಿದರೆ ಸಾಕು.